ಮೂರು ವರ್ಷಕ್ಕೊಂದು ಗೀಸರ್ ಸೋರುತ್ತಿದೆ, ಸಾಫ್ಟನರ್ ಹಾಕಿಸಬೇಕೇ?

ಪರ್ಕಳದ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಣಿಪಾಲದಿಂದ ಸ್ವಲ್ಪ ಮುಂದೆ, ಪರ್ಕಳದಲ್ಲಿದೆ. ಹದಿನೆಂಟು ಕೋಲು ಆಳದ ಬಾವಿಯಿದ್ದು, ಅಡುಗೆಯಿಂದ ಹಿಡಿದು ತೆಂಗಿನ ಬುಡದವರೆಗೆ ಎಲ್ಲಕ್ಕೂ ಅದರ ನೀರೇ. 2017ರಲ್ಲಿ ಮನೆ ಕಟ್ಟಿದಾಗ, ಒಳಗೆ ಗಾಜಿನ ಲೇಪವಿರುವ 15 ಲೀಟರಿನ ಗೀಸರ್ ಹಾಕಿಸಿದ್ದೆವು. ನಾಲ್ಕೂವರೆ ವರ್ಷಕ್ಕೆ ಅದು ತಳದಲ್ಲಿ ಸೋರತೊಡಗಿತು. ಅದೇ ಕಂಪೆನಿಯ ಹೊಸದನ್ನು ತಂದು ಕೂರಿಸಿದೆವು. ಅದೂ ಮೂರು ವರ್ಷ ತುಂಬುವ ಮೊದಲೇ ಹನಿಯುತ್ತಿದೆ. ಟ್ಯಾಂಕಿಗೆ ವಾರಂಟಿ ಇದೆಯಲ್ಲವೇ ಎಂದು ಕೇಳಿದರೆ, ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿ, ನೀರಿನ ದೋಷಕ್ಕೆ ಅದು ಅನ್ವಯಿಸುವುದಿಲ್ಲ ಎಂದರು.

ರಿಪೇರಿಗೆ ಬಂದವರು ಗೀಸರಿನ ತಳ ಬಿಚ್ಚಿ, ಬೂದು ಮಿಶ್ರಿತ ಬಿಳಿ ಪುಡಿಯನ್ನು ಅಂಗೈ ತುಂಬ ತೆಗೆದು, "ನೋಡಿ, ಎಷ್ಟು ಸುಣ್ಣ ಕಟ್ಟಿದೆ! ನಿಮ್ಮದು ಗಡಸು ನೀರು. ಸಾಫ್ಟನರ್ ಹಾಕಿಸದೆ ಹೊಸ ಗೀಸರ್ ತಂದರೆ ಪುನಃ ಇದೇ ಕಥೆ" ಎಂದರು. ಸಾಫ್ಟನರಿಗೆ 38 ಸಾವಿರ ರೂಪಾಯಿ ಹೇಳುತ್ತಿದ್ದಾರೆ.

ನನಗೆ ಒಗಟಾಗಿರುವ ಸಂಗತಿಗಳೂ ಕೆಲವಿವೆ. ಮೈಗೆ ಹಚ್ಚಿದ ಸೋಪು ಎಷ್ಟು ನೀರು ಸುರಿದರೂ ಜಾರುತ್ತಲೇ ಇರುತ್ತದೆ. ಕೆಟಲಿನ ತಳದಲ್ಲಿ ಬಿಳಿ ಪದರು ಕಟ್ಟಿದ್ದನ್ನು ನಾನು ಕಂಡಿಲ್ಲ. ಬಿಳಿಯ ಬೇಸಿನ್ನಿನಲ್ಲಿ, ನಳ್ಳಿಯ ನೀರು ಹನಿಯುವ ಜಾಗದಲ್ಲಿ ಮಾತ್ರ ನವಿಲಿನ ಕತ್ತಿನ ಬಣ್ಣದ ಒಂದು ಗೆರೆ ಮೂಡಿದ್ದು, ತಿಕ್ಕಿ ತೆಗೆದರೂ ತಿಂಗಳೊಳಗೆ ಮತ್ತೆ ಬರುತ್ತದೆ. ಕಳೆದ ಸಲ ಗೀಸರ್ ಇಳಿಸುವಾಗ ಜಿಐ ನಿಪ್ಪಲ್ (ಸತು ಲೇಪಿಸಿದ ಕಬ್ಬಿಣದ ತುಂಡು ಪೈಪು) ಸ್ಪ್ಯಾನರಿಗೆ ಸಿಕ್ಕ ಕೂಡಲೇ ಪುಡಿಯಾಯಿತು. ಮೊನ್ನೆ ನಮ್ಮವರು ಒದ್ದೆ ಕೈಯಲ್ಲಿ ಶವರಿನ ನಳ್ಳಿ ತಿರುಗಿಸುವಾಗ ಸಣ್ಣಗೆ ಜುಮ್ಮೆಂದಿತಂತೆ. ಮಳೆಗಾಲದ ಥಂಡಿಗೆ ಇರಬಹುದೆಂದು ಸುಮ್ಮನಾದೆವು. ಅತ್ತೆಯವರಂತೂ, ಹಳೆಮನೆಯ ಬಚ್ಚಲಿನ ತಾಮ್ರದ ಹಂಡೆ ಇದೇ ಊರಿನ ನೀರಿನಲ್ಲಿ ಮೂರು ತಲೆಮಾರು ಕಂಡಿದೆ ಎಂದು ದಿನಕ್ಕೆರಡು ಸಲ ನೆನಪಿಸುತ್ತಾರೆ. ಸಾಫ್ಟನರ್ ಹಾಕಿಸಲೇ, ಅಥವಾ ಸ್ಟೀಲ್ ಟ್ಯಾಂಕಿನ ಗೀಸರಿಗೆ ಹೋಗಲೇ?

ಉದ್ಯಾವರ ಹೊಳೆಬದಿ

ಸ್ಟೀಲ್ ಟ್ಯಾಂಕು ಎಂದೊಡನೆ ನೆಮ್ಮದಿ ಎಂದುಕೊಳ್ಳಬೇಡಿ. ನಮ್ಮ ಬಾವಿ ಹೊಳೆಯಿಂದ ಕೂಗಳತೆಯಲ್ಲಿದೆ. ಮಾರ್ಚ್ ಕಳೆಯಿತೆಂದರೆ ಹೊಳೆಯ ಉಪ್ಪು ಬಾವಿಗೆ ಇಳಿದು ಚಹಾದಲ್ಲೇ ಗೊತ್ತಾಗುತ್ತದೆ. ಅಂಥ ನೀರಿನಲ್ಲಿ ನಮ್ಮ ಸ್ಟೀಲ್ ಟ್ಯಾಂಕು ಬೆಸುಗೆಯ ಗೆರೆಯುದ್ದಕ್ಕೂ ಸೂಜಿ ಚುಚ್ಚಿದಂತೆ ತೂತು ಬಿತ್ತು. ಬಿಸಿನೀರಿನಲ್ಲಿರುವ ಉಪ್ಪಿನ ಕ್ಲೋರೈಡ್ 304 ದರ್ಜೆಯ ಸ್ಟೀಲಿಗೆ ಆಗಿಬರುವುದಿಲ್ಲವೆಂದು ಆಮೇಲೆ ತಿಳಿಯಿತು. ನಾನೂ ಸಾಫ್ಟನರಿಗೆ ದುಡ್ಡು ಸುರಿದವನೇ. ಅದು ಉಪ್ಪನ್ನು ತೆಗೆಯುವುದಿಲ್ಲ ಎಂಬ ಮಾತನ್ನು ಮಾರುವಾಗ ಯಾರೂ ಹೇಳಲಿಲ್ಲ. ಪರ್ಕಳದ ಗುಡ್ಡಕ್ಕೆ ಸಮುದ್ರದ ಉಪ್ಪು ಹತ್ತುವ ಪ್ರಶ್ನೆಯಿಲ್ಲವಾದ್ದರಿಂದ ನಿಮ್ಮ ರೋಗ ಬೇರೆಯೇ ಇರಬೇಕು. ಏನಿದ್ದರೂ ಮೊದಲು ನೀರನ್ನು ಪರೀಕ್ಷೆ ಮಾಡಿಸಿ.

ರಸಾಯನ ಮೇಷ್ಟ್ರು

ನಿಮ್ಮ ಪ್ರಶ್ನೆಯೊಳಗೇ ಉತ್ತರದ ಮುಕ್ಕಾಲು ಪಾಲು ಇದೆ. ಸೋಪು ಜಾರುತ್ತಲೇ ಇರುವುದು, ಕೆಟಲಿನ ತಳ ಬೆಳ್ಳಗಾಗದಿರುವುದು ಮೆದು ನೀರಿನ ಲಕ್ಷಣಗಳು. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಕ್ಕೇ ಸತಾಯಿಸುತ್ತದೆ. ಸಾಫ್ಟನರ್ ಮಾಡುವ ಕೆಲಸ ಒಂದೇ: ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುವುದು. ಹಿಡಿಯಲು ಏನೂ ಇಲ್ಲದ ನೀರಿಗೆ ಅದನ್ನು ಹಾಕಿಸುವುದು ಬೋಳುತಲೆಗೆ ಬಾಚಣಿಗೆ ಕೊಂಡ ಹಾಗೆ. ನೀರಿನ ಹುಳಿ ಅದರಿಂದ ಕಡಿಮೆಯಾಗುವುದಿಲ್ಲ, ಮತ್ತು ನಿಮ್ಮ ಗೀಸರನ್ನು ತಿನ್ನುತ್ತಿರುವುದು ಆ ಹುಳಿಯೇ ಎಂದು ನನ್ನ ಅಂದಾಜು.

ಕಾರಣ ನಮ್ಮ ಮುರಕಲ್ಲು, ಅಂದರೆ ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ ಸಾವಿರಾರು ವರ್ಷಗಳಿಂದ ಈ ನೆಲದ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳನ್ನು ಉಳಿಸಿದೆ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಸುಣ್ಣಕಲ್ಲಿನ ಸೀಮೆಯಲ್ಲಿ ಆ ಹುಳಿಯನ್ನು ಕಲ್ಲೇ ತಣಿಸುತ್ತದೆ. ಇಲ್ಲಿ ತಣಿಸಲು ಏನೂ ಇಲ್ಲದೆ ಅದು ಹಾಗೆಯೇ ಬಾವಿ ಸೇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಪಿಎಚ್, ಅಂದರೆ ನೀರಿನ ಹುಳಿಯನ್ನು ತೋರಿಸುವ ಅಂಕಿ, 6.5ರಿಂದ 8.5ರೊಳಗೆ ಇರಬೇಕು. ಮುರಕಲ್ಲಿನ ಬಾವಿಗಳಲ್ಲಿ ಅದಕ್ಕಿಂತ ಕೆಳಗಿನ ಅಂಕಿ ಬರುವುದು ಅಪರೂಪವಲ್ಲ, ಮತ್ತು ಪಿಎಚ್ ಒಂದು ಅಂಕಿ ಇಳಿಯಿತೆಂದರೆ ಆಮ್ಲೀಯತೆ ಹತ್ತು ಪಟ್ಟಾಯಿತೆಂದು ಅರ್ಥ.

ಇಂಥ ನೀರು ಲೋಹದ ಮೇಲೆ ರಕ್ಷಣೆಯ ಪದರವನ್ನೂ ಕಟ್ಟಗೊಡುವುದಿಲ್ಲ. ಜಿಐ ನಿಪ್ಪಲಿನ ಸತು ಮೊದಲು ಹೋಗುತ್ತದೆ, ಆಮೇಲೆ ಕಬ್ಬಿಣ. ಹಿತ್ತಾಳೆಯ ಫಿಟ್ಟಿಂಗುಗಳಿಂದಲೂ ಸತು ಕರಗಿ ಹೋಗಿ, ಕೆಂಪಗಿನ, ರಂಧ್ರ ರಂಧ್ರವಾದ ತಾಮ್ರ ಉಳಿಯುವುದುಂಟು. ಬೇಸಿನ್ನಿನ ನವಿಲುಗೆರೆ ಕರಗಿ ಬಂದ ತಾಮ್ರದ್ದೇ. ಗೀಸರಿನ ಕಾಯಿಲ್ಲಿಗೆ ತಾಮ್ರದ ಹೊದಿಕೆಯಿದ್ದರೆ ಅದೂ ಇದರಲ್ಲಿ ಪಾಲುಗಾರ. ಆದ್ದರಿಂದ ಗೀಸರಿನ ನೀರನ್ನು ಅಡುಗೆಗೆ ಬಳಸಬೇಡಿ. ಬೆಳಗ್ಗೆ ನಳ್ಳಿಯಲ್ಲಿ ಮೊದಲು ಬರುವ ನೀರನ್ನು ಒಂದೆರಡು ನಿಮಿಷ ಗಿಡಗಳಿಗೆ ಬಿಡಿ.

ಅವರು ತೋರಿಸಿದ ಪುಡಿ ಉಳಿದಿದ್ದರೆ ಅದರ ಮೇಲೆ ನಿಂಬೆ ಹಿಂಡಿ ನೋಡಿ. ಸುಣ್ಣವಾದರೆ ಬುಸ್ಸೆಂದು ಗುಳ್ಳೆ ಏಳುತ್ತದೆ. ಸದ್ದಿಲ್ಲದೆ ಕರಗಿದರೆ ಅದು ಬಹುಶಃ ಟ್ಯಾಂಕನ್ನು ಕಾಯಲು ಒಳಗಿಟ್ಟಿರುವ ಮೆಗ್ನೀಸಿಯಂ ಕಡ್ಡಿ, ಅಂದರೆ ಆನೋಡ್ ರಾಡ್, ಸವೆದು ಉಂಟಾದ ಮೆಗ್ನೀಸಿಯಂ ಹೈಡ್ರಾಕ್ಸೈಡ್.

ನೀರು ಪರೀಕ್ಷಿಸುವುದಾದರೆ, ಬಾವಿಯಿಂದ ಆಗಷ್ಟೇ ಎತ್ತಿದ ಕೊಡದ ನೀರನ್ನೂ ಟೆರೇಸಿನ ಟ್ಯಾಂಕಿಯ ನೀರನ್ನೂ ಬೇರೆ ಬೇರೆ ಬಾಟಲಿಗಳಲ್ಲಿ, ಗಾಳಿಗೆ ಜಾಗವಿಲ್ಲದಂತೆ ಕಂಠಮಟ್ಟ ತುಂಬಿಸಿ ಅದೇ ದಿನ ಕೊಡಿ. ಅರ್ಧ ತುಂಬಿದ ಬಾಟಲಿಯನ್ನು ಸ್ಕೂಟರಿನಲ್ಲಿ ಕುಲುಕಿಸಿಕೊಂಡು ಹೋದರೆ ಕರಗಿದ ಅನಿಲ ಹಾರಿ ಪಿಎಚ್ ಏರಿ, ನೀರು ಸುಳ್ಳು ಹೇಳುತ್ತದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ವಿಚಾರಿಸಿ. ಪಿಎಚ್, ಗಡಸುತನ, ಕಬ್ಬಿಣ, ಕ್ಲೋರೈಡ್, ಈ ನಾಲ್ಕು ಸಾಕು.

ಅತ್ತೆಯವರ ಹಂಡೆಯ ವಿಷಯ: ಅದರ ತಾಮ್ರ ದಪ್ಪ, ಜೊತೆಗೆ ಬೇರೊಂದು ಲೋಹದ ಸಂಗವಿಲ್ಲ, ಬಾಯಿ ತೆರೆದಿರುವುದರಿಂದ ಕಾಯುವಾಗಲೇ ಅನಿಲ ಹಾರಿಹೋಗುತ್ತದೆ. ಅದೂ ಸವೆದಿದೆ, ಆದರೆ ಸವೆಯಲು ಅದಕ್ಕೆ ಬೇಕಾದಷ್ಟು ಮೈ ಇತ್ತು. ಗೀಸರಿನ ಟ್ಯಾಂಕು ತೆಳು ಉಕ್ಕು; ಗಾಜಿನ ಲೇಪದಲ್ಲಿ ಒಂದು ಬಿರುಕು ಸಿಕ್ಕಿದರೆ ಸಾಕು.

ಗೀಸರ್ ರಿಪೇರಿ, 22 ವರ್ಷ

ಮೇಡಂ, ಎಲ್ಲರೂ ನೀರಿನ ಬಗ್ಗೆ ಬರೆದಿದ್ದಾರೆ, ಸರಿ. ಆದರೆ ಜುಮ್ಮೆಂದದ್ದನ್ನು ಯಾರೂ ಹಿಡಿಯಲಿಲ್ಲ. ಅದು ಥಂಡಿಯಲ್ಲ, ಕರೆಂಟು. ಸೋರುವ ನೀರು ತಳದ ಟರ್ಮಿನಲ್ಲಿಗೆ ತಾಗಿರಬೇಕು, ಇಲ್ಲವೇ ಕಾಯಿಲ್ ಒಡೆದಿರಬೇಕು. ದಯವಿಟ್ಟು ಈಗಲೇ ಆ ಗೀಸರಿನ ಎಂಸಿಬಿ (ಮೇನ್ ಬೋರ್ಡಿನ ಸುರಕ್ಷತಾ ಸ್ವಿಚ್ಚು) ಇಳಿಸಿ, ಹೊಸದು ಬರುವವರೆಗೆ ಮುಟ್ಟಬೇಡಿ. ಗೋಡೆಯ ಸ್ವಿಚ್ಚು ಒಂದನ್ನೇ ನಂಬಬೇಡಿ. ಎಷ್ಟೋ ಮನೆಗಳಲ್ಲಿ ಸ್ವಿಚ್ಚು ನ್ಯೂಟ್ರಲ್ ತಂತಿಯ ಮೇಲೆ ಕೂತಿರುವುದನ್ನು ನಾನು ಕಂಡಿದ್ದೇನೆ.

ಜುಮ್ಮೆಂದಾಗ ಬೋರ್ಡು ಟ್ರಿಪ್ ಆಗಲಿಲ್ಲವೆಂದರೆ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ನಿಮ್ಮಲ್ಲಿ ಇಲ್ಲದಿರಬಹುದು, ಅಥವಾ ಇದ್ದೂ ಕೆಲಸ ಮಾಡದಿರಬಹುದು. ಅರ್ತಿಂಗಿನ ಮೇಲೂ ಅನುಮಾನ ಪಡಬೇಕು. ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ, ಬೀಳಬೇಕು. ನಿಮ್ಮ ಕಡೆಯ ಮುರಕಲ್ಲು ಒಣಗಿದಾಗ ಅರ್ತಿಂಗನ್ನು ಸರಿಯಾಗಿ ಕೊಡುವುದಿಲ್ಲ. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವವರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ಮಳೆಗಾಲದಲ್ಲೇ ಹೀಗಾದರೆ ತಂತಿ ತುಕ್ಕು ಹಿಡಿದು ಗುಂಡಿಯ ಕ್ಲಾಂಪಿನಲ್ಲಿ ಕಡಿದಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಇನ್ನು ಆನೋಡ್ ರಾಡ್. ಟ್ಯಾಂಕಿನ ಬದಲು ತಾನು ಕರಗಿ ಟ್ಯಾಂಕನ್ನು ಉಳಿಸುವುದೇ ಅದರ ಕೆಲಸ. ಹೊಸದರಲ್ಲಿ ಹೆಬ್ಬೆರಳಿನಷ್ಟು ದಪ್ಪವಿರುತ್ತದೆ. ನಾಲ್ಕೂವರೆ ವರ್ಷದಲ್ಲಿ ಒಮ್ಮೆಯಾದರೂ ಯಾರಾದರೂ ಅದನ್ನು ಬದಲಿಸಿದರೇ? ನಾನು ನಿಮ್ಮಂಥ ನೀರಿರುವ ಮನೆಗಳಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ. ಒಳಗಿನ ಉಕ್ಕಿನ ಕಡ್ಡಿ ಕಾಣಿಸಿದರೆ ಬದಲಿಸುತ್ತೇನೆ. ಆಗ ತಳದ ರಬ್ಬರ್ ಗ್ಯಾಸ್ಕೆಟನ್ನೂ ಹೊಸದು ಹಾಕಲೇಬೇಕು. ಹಳೆಯದನ್ನೇ ಪುನಃ ಕೂರಿಸಿ ಬೋಲ್ಟು ಜಗ್ಗಿ ಬಿಗಿದರೆ ಅಲ್ಲಿಂದಲೇ ಸೋರುತ್ತದೆ, ಜನ ಟ್ಯಾಂಕು ಹೋಯಿತೆಂದುಕೊಳ್ಳುತ್ತಾರೆ.

ತಣ್ಣೀರು ಒಳಗೆ ಹೋಗುವ ಜಾಗದ ಸೇಫ್ಟಿ ವಾಲ್ವಿನ ಬಾಯಿಗೆ ಡಮ್ಮಿ (ಮುಚ್ಚಳ) ಬಿಗಿದಿದ್ದರೆ ಅದನ್ನು ತಕ್ಷಣ ತೆಗೆಸಿ. 15 ಲೀಟರ್ ನೀರು 60 ಡಿಗ್ರಿಗೆ ಕಾದಾಗ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಆ ಒಂದು ಲೋಟ ನೀರು ವಾಲ್ವಿನಿಂದಲೇ ಹನಿಯಬೇಕು. ಅದು ಸೋರಿಕೆಯಲ್ಲ.

ಪರ್ಕಳದ ಮನೆ

ಮೊದಲಿಗೆ, ಎಂಸಿಬಿ ಅಂದೇ ಇಳಿಸಿದೆವು. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಅರ್ತಿಂಗ್ ಗುಂಡಿಯ ಕ್ಲಾಂಪು ಹಸಿರುಗಟ್ಟಿ, ತಂತಿ ಕೈಯಲ್ಲೇ ಕಳಚಿ ಬಂತು. ಆರ್‌ಸಿಸಿಬಿ ನಮ್ಮಲ್ಲಿ ಇರಲೇ ಇಲ್ಲ. ಎರಡನ್ನೂ ಸರಿಪಡಿಸಿದ್ದೇವೆ. ಯಜಮಾನರು ಒಂದು ವಾರದಿಂದ ಒಲೆಯ ನೀರಿನಲ್ಲಿ ಮೀಯುತ್ತಿದ್ದಾರೆ, ಅತ್ತೆಯವರಿಗೆ ಪರಮ ಸಂತೋಷ.

ಹಳೆಯ ಗೀಸರ್ ಇನ್ನೂ ಕೊಟ್ಟಿಗೆಯ ಮೂಲೆಯಲ್ಲಿತ್ತು. ತಳ ಬಿಚ್ಚಿಸಿ ನೋಡಿದರೆ ಆನೋಡ್ ರಾಡ್ ಇರಬೇಕಾದ ಕಡೆ ಊದುಬತ್ತಿಯ ಕಡ್ಡಿಯಂಥ ಒಂದು ತಂತಿ, ತುದಿಯಲ್ಲಿ ಕಡಲೆಕಾಳಿನಷ್ಟು ಬೂದು ಗಂಟು. ಅಷ್ಟೇ. ಪುಡಿಯ ಮೇಲೆ ನಿಂಬೆ ಹಿಂಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ನೀರಿನ ವರದಿಯೂ ಬಂದಿದೆ: ಬಾವಿಯ ಪಿಎಚ್ 5.7, ಟ್ಯಾಂಕಿಯದು 6.3. ಗಡಸುತನ ಲೀಟರಿಗೆ 24 ಮಿಲಿಗ್ರಾಂ, ಕಬ್ಬಿಣ 0.2, ಕ್ಲೋರೈಡ್ 14. ಈ ಹುಳಿ ತೆಗೆಯಲು ಬಾವಿಗೆ ಸುಣ್ಣ ಹಾಕಿದರೆ ಸಾಕೇ? ನಮ್ಮ ಅಜ್ಜ ವರ್ಷಕ್ಕೊಮ್ಮೆ ಹಾಕುತ್ತಿದ್ದರು.

ರಸಾಯನ ಮೇಷ್ಟ್ರು

ಗಡಸುತನಕ್ಕೆ ಮಾನಕವು ಸ್ವೀಕಾರಾರ್ಹವೆನ್ನುವ ಮಿತಿ 200. ನಿಮ್ಮದು 24. ಸಾಫ್ಟನರಿನವರಿಗೆ ಈ ಚೀಟಿ ತೋರಿಸಿದರೆ ಸಾಕು.

ಬಾವಿಗೆ ಹಾಕಿದ ಸುಣ್ಣದ ಪರಿಣಾಮ ಹೊಸ ಒರತೆ ಬಂದ ಹಾಗೆ ತೊಳೆದುಹೋಗುತ್ತದೆ, ಅಳತೆ ತಪ್ಪಿದರೆ ನೀರು ಬಾಯಿಗೆ ಒಗರಾಗುತ್ತದೆ. ಅದರ ಬದಲು ಎರಡು ಹಂತದಲ್ಲಿ ಹೋಗಿ. ಕೊಡದ ನೀರಿಗೂ ಟ್ಯಾಂಕಿಯ ನೀರಿಗೂ 0.6ರ ವ್ಯತ್ಯಾಸ ಬಂದಿದೆಯಲ್ಲ, ಅದು ಹೆಚ್ಚಾಗಿ ಗಾಳಿ ತಾಗಿ ಅನಿಲ ಹಾರಿದ್ದರಿಂದಲೇ. ಹಾಗಾಗಿ ಟ್ಯಾಂಕಿಗೆ ನೀರು ಬೀಳುವ ಪೈಪಿನ ತುದಿಗೆ, ಒಂದು ಮೊಳದಷ್ಟು ಮೇಲಿನಿಂದ ಸುರಿಯುವಂತೆ, ಸಣ್ಣ ತೂತುಗಳ ಶವರ್ ಜೋಡಿಸಿ, ಖರ್ಚು ಬಹಳವಿಲ್ಲ. ತಿಂಗಳ ಬಳಿಕ ಪುನಃ ಅಳೆಯಿರಿ. 6.5 ದಾಟದಿದ್ದರೆ ಮಾತ್ರ, ಟ್ಯಾಂಕಿಯಿಂದ ಮನೆಯೊಳಗೆ ಇಳಿಯುವ ಪೈಪಿಗೆ ಕ್ಯಾಲ್ಸೈಟ್ ತುಂಬಿದ ಫಿಲ್ಟರ್ ಹಾಕಿಸಿ. ಅದು ಅಮೃತಶಿಲೆಯ ಹರಳಿನಂಥ ಸುಣ್ಣಕಲ್ಲು. ನೀರಿನ ಹುಳಿಗೆ ಬೇಕಾದಷ್ಟೇ ಕರಗುತ್ತದೆ, ಹುಳಿ ಹೋದ ಮೇಲೆ ಕರಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ಕರಗಿ ಕಡಿಮೆಯಾದಂತೆ ಮೇಲಿನಿಂದ ಹರಳು ತುಂಬುತ್ತಿರಬೇಕು, ಆಗಾಗ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯಬೇಕು. ಗಡಸುತನ ತುಸು ಏರುವುದರಿಂದ ಸೋಪಿನ ಜಾರಿಕೆಯೂ ಕಡಿಮೆಯಾದೀತು. ಮಳೆಗಾಲದಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಅಳೆಯುವುದು ಒಳ್ಳೆಯದು. ಒಂದೇ ಬಾವಿಯಾದರೂ ಎರಡು ನೀರು.

ಗೀಸರ್ ರಿಪೇರಿ, 22 ವರ್ಷ

ಮೇಷ್ಟ್ರ ಮಾತಿಗೆ ಒಂದು ಸೇರಿಕೆ. ಫಿಲ್ಟರ್ ಹಾಕಿಸುವುದಾದರೆ ಮೊದಲು ಒತ್ತಡ ನೋಡಿ. ಟೆರೇಸಿನ ಟ್ಯಾಂಕಿ ಹತ್ತು ಮೀಟರ್ ಎತ್ತರದಲ್ಲಿದ್ದರೂ ಕೆಳಗೆ ಸಿಗುವುದು ಒಂದೇ ಬಾರ್. ನಡುವೆ ಫಿಲ್ಟರ್ ಕೂತರೆ ಮಹಡಿಯ ಶವರಿನಲ್ಲಿ ನೂಲಿನಂತೆ ನೀರು ಬರುತ್ತದೆ. ಬಾವಿಯ ಪಂಪಿನಿಂದ ಟ್ಯಾಂಕಿಗೆ ಹೋಗುವ ಪೈಪಿನಲ್ಲಿ ಕೂರಿಸಿದರೆ ಪಂಪಿನ ಒತ್ತಡವೇ ತಳ್ಳುತ್ತದೆ.

ಹೊಸ ಗೀಸರ್ ಗಾಜಿನ ಲೇಪದ್ದೇ ಇರಲಿ, ಆದರೆ ಕಾಯಿಲ್ ಇನ್ಕಲಾಯ್ (ನಿಕ್ಕಲ್ ಸೇರಿದ ಮಿಶ್ರಲೋಹ) ಹೊದಿಕೆಯದ್ದು ಕೇಳಿ ತೆಗೆದುಕೊಳ್ಳಿ. ಜಿಐ ನಿಪ್ಪಲ್ ಒಂದೂ ಬೇಡ, ಬಿಸಿನೀರಿನ ಕಡೆಗೆ ಸಿಪಿವಿಸಿ ಪೈಪೇ ಹಾಕಿಸಿ. ಸಾದಾ ಪಿವಿಸಿ ಬಿಸಿಗೆ ಬಾಗುತ್ತದೆ. ಥರ್ಮೋಸ್ಟಾಟ್ 60ಕ್ಕಿಂತ ಮೇಲೆ ಏರಿಸಬೇಡಿ, ಬಿಸಿ ಹೆಚ್ಚಿದಷ್ಟೂ ತಿನ್ನುವುದು ಜಾಸ್ತಿ. ಕೂರಿಸಿದ ದಿನಾಂಕವನ್ನು ಗೀಸರಿನ ಮೈಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ, ಮುಂದಿನ ವರ್ಷ ಅದೇ ತಿಂಗಳು ಆನೋಡ್ ಬಿಚ್ಚಿಸಿ.

ಪರ್ಕಳದ ಮನೆ

ಶವರ್ ನಾಳೆಯೇ ಜೋಡಿಸುತ್ತೇವೆ. ಪಂಪಿನ ಕಡೆಗೇ ಫಿಲ್ಟರ್ ಎಂಬುದು ನಮ್ಮ ತಲೆಗೆ ಹೊಳೆದಿರಲಿಲ್ಲ. ತಿಂಗಳ ಬಳಿಕ ಪಿಎಚ್ ಎಷ್ಟು ಬಂತೆಂದು ಇಲ್ಲೇ ಬರೆಯುತ್ತೇನೆ.