ನಿನ್ನೆ ರಾತ್ರಿ ಚಿರತೆ ನಮ್ಮ ಬೀದಿನಾಯಿ ಕೆಂಚನ್ನ ಹೊತ್ಕೊಂಡು ಹೋಯ್ತು, ಸಿಎ ಸೈಟ್ (ಲೇಔಟ್‌ನಲ್ಲಿ ಎಲ್ಲರ ಬಳಕೆಗೆ ಅಂತ ಬಿಟ್ಟಿರೋ ಜಾಗ) ವಿಷ್ಯ ಇವತ್ತೇ ತೀರ್ಮಾನ ಆಗ್ಬೇಕು

ಮನೆ 27 (ರಾತ್ರಿ 3:12)
ಯಾರಾದ್ರೂ ಎದ್ದಿದೀರಾ? ಎರಡೂವರೆಗೆ ನಾಯಿಗಳೆಲ್ಲ ಊಳಿಟ್ಟು ಇದ್ದಕ್ಕಿದ್ದಂಗೆ ಗಪ್‌ಚುಪ್ ಆದ್ವು, ಬಾಲ್ಕನಿಗೆ ಬಂದು ಟಾರ್ಚ್ ಬಿಟ್ರೆ ಟ್ರಾನ್ಸ್‌ಫಾರ್ಮರ್ ಹತ್ರ ಎರಡು ಕಣ್ಣು, ಬಾಯಲ್ಲಿ ಕೆಂಚ. ಅವರಪ್ಪನ ಮನೆ ಅನ್ನೋ ಹಾಗೆ ಆರಾಮಾಗಿ ಸಿಎ ಸೈಟ್ ಪೊದೆ ಒಳಗೆ ನಡ್ಕೊಂಡು ಹೋಯ್ತು. ಮೊಸರನ್ನದ ಸ್ಟೀಲ್ ಬಟ್ಟಲು ಗೇಟ್ ಹತ್ರ ಬೋರಲು ಬಿದ್ದಿದೆ. ಬೆಳಿಗ್ಗೆನೇ ಜೆಸಿಬಿ ತರ್ಸಿ ಆ ಸೈಟ್ ಬೋಳಿಸಿ. ಕಾಡು ತಾನಾಗೇ ಬೆಳೀಲಿ ಅಂದೋರು ಈಗ ಮಾತಾಡಿ ನೋಡೋಣ.

ಮನೆ 14, ರಾಯರು (5:40)
ನಾನು ಆವತ್ತೇ ಹೇಳಿದ್ದೆ. ಲಾನ್ ಹಾಕ್ಸಿ, ನಾಲ್ಕು ಬೆಂಚ್ ಹಾಕ್ಸಿ ಅಂತ. ಮಿನಿಟ್ಸ್ ತೆಗೆದು ನೋಡಿ.

ಮನೆ 33 (6:25)
ರಾಯರೇ, ಸೈಟ್ ಹಾಗೇ ಬಿಡೋಣ ಅನ್ನೋ ಮಿನಿಟ್ಸ್‌ನಲ್ಲಿ ನಿಮ್ಮ ಸೈನೂ ಇದೆ. ನಾವು ನೆಟ್ಟ ಹೊಂಗೆ, ನೇರಳೆ, ಕಕ್ಕೆ ಇನ್ನೂ ಎದೆಮಟ್ಟ ಬಂದಿಲ್ಲ, ಅದರಲ್ಲಿ ಚಿರತೆ ಅಲ್ಲ, ಬೆಕ್ಕೂ ಅಡಗಲ್ಲ. ಅಡಗೋದು ಬೇಲಿ ಉದ್ದಕ್ಕೂ ಹಬ್ಬಿರೋ ಲಾಂಟಾನಾದಲ್ಲಿ. ಅದು ನಮ್ಮ ಕಾಡಿನ ಗಿಡವೇ ಅಲ್ಲ, ಅಮೆರಿಕ ಕಡೇದು, ಬ್ರಿಟಿಷರ ಕಾಲದಲ್ಲಿ ಅಂದಕ್ಕೆ ಅಂತ ಬಂದಿದ್ದು. ಬುಡಸಮೇತ ಕೀಳ್ಬೇಕು, ಕತ್ತರಿಸಿದ್ರೆ ಮತ್ತೆ ಚಿಗುರುತ್ತೆ. ಶನಿವಾರ ಬೆಳಿಗ್ಗೆ 7ಕ್ಕೆ ಎಂಟು ಜನ ಬಂದ್ರೆ ಸಾಕು.

ಮನೆ 14, ರಾಯರು (6:31)
ಪಾಠ ಬೇಡ. ಬೋನಿಟ್ಟು ಹಿಡಿದು ಬಂಡೀಪುರಕ್ಕೋ ನಾಗರಹೊಳೆಗೋ ಬಿಡ್ಲಿ.

ಮನೆ 33 (6:44)
ಹಿಡಿದು ಬೇರೆ ಕಡೆ ಬಿಟ್ಟಿದ್ದಕ್ಕೇ ಮಹಾರಾಷ್ಟ್ರದ ಜುನ್ನರ್‌ನಲ್ಲಿ ಏನಾಯ್ತು ಗೊತ್ತಾ? ಅಲ್ಲಿ ಜನರ ಮೇಲೆ ವರ್ಷಕ್ಕೆ ಸರಾಸರಿ 4 ಇದ್ದ ದಾಳಿ 2001ರಿಂದ 2003ರ ಹೊತ್ತಿಗೆ 17 ಆಯ್ತು. ಗೊತ್ತಿಲ್ಲದ ಊರಲ್ಲಿ ಬಿಟ್ರೆ ಅದೂ ಕಂಗಾಲಾಗುತ್ತೆ. 2016ರಲ್ಲಿ ವೈಟ್‌ಫೀಲ್ಡ್ ಕಡೆ ಸ್ಕೂಲಿಗೆ ನುಗ್ಗಿತ್ತಲ್ಲ, ಅದನ್ನ ಹಿಡಿದು ಬನ್ನೇರುಘಟ್ಟಕ್ಕೆ ಹಾಕಿದ್ರು, ಒಂದು ವಾರದಲ್ಲಿ ಅಲ್ಲಿಂದ್ಲೂ ಪರಾರಿ. ಬೆಂಗಳೂರು ಸುತ್ತ 80-85 ಚಿರತೆ ಇದಾವೆ ಅಂತ ಕ್ಯಾಮೆರಾ ಇಟ್ಟು ಎಣಿಸಿದೋರು ಹೇಳಿದಾರೆ. ತುರಹಳ್ಳಿ ಕಾಡಿನ ಪಕ್ಕ ಸೈಟ್ ತಗೊಂಡಿರೋದು ನಾವು, ಅದು ನಮ್ಮ ಪಕ್ಕ ಸೈಟ್ ತಗೊಂಡಿಲ್ಲ.

ಮನೆ 8 (7:02)
ಫಾರ್ವರ್ಡ್: ⚠️ಎಚ್ಚರ⚠️ ಆಫ್ರಿಕಾದಿಂದ ತಂದ ಚೀತಾಗಳನ್ನ ಬೆಂಗಳೂರು ಹೊರವಲಯದಲ್ಲಿ ಬಿಟ್ಟಿದ್ದಾರೆ!! ಎಲ್ಲರಿಗೂ ಶೇರ್ ಮಾಡಿ 🙏🙏

ಮನೆ 41 (7:05)
ಆಂಟಿ, ಚೀತಾ ಬಿಟ್ಟಿದ್ದು ಮಧ್ಯಪ್ರದೇಶದ ಕುನೋ ಕಾಡಲ್ಲಿ. 2022ರಲ್ಲಿ ನಮೀಬಿಯಾದಿಂದ 8, ಮುಂದಿನ ವರ್ಷ ದಕ್ಷಿಣ ಆಫ್ರಿಕಾದಿಂದ 12 ಬಂದ್ವು. ಇಲ್ಲಿಗೆ ಬಂದಿರೋದು ಚಿರತೆ, ಲೋಕಲ್. ಕನ್ನಡ ಬರುತ್ತೆ ಅದಕ್ಕೆ 😂

ಮನೆ 19 (7:20)
ತಮಾಷೆ ಸಾಕು ಗುರು. 27ರೋರು ಬೀದಿ ನಾಯಿಗೆ ದಿನಾ ಅನ್ನ ಹಾಕ್ತಾರೆ, ಮೂರಿದ್ದಿದ್ದು ಈಗ ಹನ್ನೊಂದು. ಚಿರತೆಗೆ ಮೆಸ್ ನಡೆಸ್ತಿರೋದು ಯಾರು ಅಂತ ಮೊದ್ಲು ಹೇಳಿ.

ಮನೆ 27 (7:21)
ಟ್ರಾನ್ಸ್‌ಫಾರ್ಮರ್ ಕೆಳಗೆ ಭಾನುವಾರ ಭಾನುವಾರ ಬಿರಿಯಾನಿ ಮೂಳೆ ಕವರ್ ಬೀಳುತ್ತಲ್ಲ, ಅದು ನಿಮ್ಮ ಮಹಡಿ ಬಾಡಿಗೆ ಹುಡುಗ್ರದ್ದು. ನನ್ನ ಮೊಸರನ್ನ ತಿನ್ನೋಕೆ ಚಿರತೆ ಬರಲ್ಲ.

ಮನೆ 19 (7:23)
ಈ ಮೆಸೇಜ್ ಅಳಿಸಲಾಗಿದೆ

ಮನೆ 14, ರಾಯರು (7:30)
ಯಾರೂ ಜಗಳ ಆಡ್ಬೇಡಿ. ನಾನು ಹೇಳೋದು ಒಂದೇ. ಜೆಸಿಬಿ. ಕಾಡು ಕಾಡಲ್ಲಿರ್ಬೇಕು, ಲೇಔಟ್ ಲೇಔಟ್ ಥರ ಇರ್ಬೇಕು.

ಮನೆ 41 (7:34)
ಅಂಕಲ್, 2021ರಲ್ಲಿ ತುರಹಳ್ಳಿ ಕಾಡಲ್ಲಿ ಟ್ರೀ ಪಾರ್ಕ್ ಬೇಡ ಅಂತ ಎಲ್ರೂ ಬೋರ್ಡ್ ಹಿಡ್ಕೊಂಡು ನಿಂತಿದ್ವಲ್ಲ, ಆ ಫೋಟೋದಲ್ಲಿ ಮುಂದಿನ ಸಾಲಲ್ಲಿ ಟೋಪಿ ಹಾಕ್ಕೊಂಡಿರೋದು ಯಾರು?

ಮನೆ 14, ರಾಯರು (7:36)
ಅದು ಬೇರೆ ವಿಷಯ.

ಕಾರ್ಯದರ್ಶಿ (11:15)
ಫಾರೆಸ್ಟ್‌ನವರು ಬಂದು ಹೆಜ್ಜೆ ನೋಡಿದ್ರು, ಚಿರತೆನೇ. ಮೂಳೆ, ಕಸ ಹೊರಗೆ ಹಾಕ್ಬೇಡಿ, ಕತ್ತಲಾದ್ಮೇಲೆ ಮಕ್ಕಳನ್ನ ಒಬ್ಬೊಬ್ರನ್ನೇ ಬಿಡ್ಬೇಡಿ ಅಂದ್ರು. ಶನಿವಾರ ಲಾಂಟಾನಾ ಕೀಳೋಕೆ ಬರೋರು ಹೆಸರು ಹಾಕಿ.
1. ಮನೆ 33
2.

ಮನೆ 8 (11:40)
ಶನಿವಾರ ನಮ್ಮ ನಾದಿನಿ ಮಗಳ ಸೀಮಂತ 🙏

ಮನೆ 19 (12:10)
ನನಗೆ ಸೊಂಟ ನೋವು. ಲೇಬರ್ ಕರೆಸಿ, ಮನೆಗಿಷ್ಟು ಅಂತ ಹಾಕೋಣ.

ಮನೆ 14, ರಾಯರು (12:15)
ಮೇಂಟೆನೆನ್ಸ್ ಬಾಕಿ ಇರೋರು ಮೊದ್ಲು ಕಟ್ಲಿ.

ಮನೆ 52 (13:05)
ಹೇಗಿದ್ರೂ ಕ್ಲೀನ್ ಮಾಡ್ಸ್ತೀವಿ ಅಂದ್ಮೇಲೆ, ಆ ಬೇಲಿ ಪಕ್ಕದ ಪಟ್ಟಿ ಸಮ ಮಾಡ್ಸಿ ಜಲ್ಲಿ ಹಾಕಿದ್ರೆ ಹತ್ತು ಕಾರ್ ನಿಲ್ಲುತ್ತಲ್ವಾ?

ಮನೆ 19 (13:06)
👍👍 ದುಡ್ಡು ನಾನು ಕೊಡ್ತೀನಿ

ಮನೆ 14, ರಾಯರು (13:07)
ಹನ್ನೆರಡು ನಿಲ್ಲುತ್ತೆ. ಹೋದ ವರ್ಷವೇ ಟೇಪ್ ಹಿಡಿದು ಅಳೆದಿದೀನಿ.

ಮನೆ 33 (13:20)
ಹಾಗಾದ್ರೆ ಗಿಡಗಳು?

ಕಾರ್ಯದರ್ಶಿ (18:30)
ಪಾರ್ಕಿಂಗ್ ಬೇಕಾದೋರು ಹೆಸರು ಹಾಕಿ. ಈಗ 14 ಆಗಿದೆ, ಜಾಗ 12 ಮಾತ್ರ, ಚೀಟಿ ಎತ್ತೋಣ.

ಮನೆ 27 (22:05)
ಬಟ್ಟಲು ತೊಳೆದು ಒಳಗಿಟ್ಟಿದೀನಿ. ನನ್ನ ಹೆಸರೂ ಸೇರಿಸ್ಕೊಳ್ಳಿ, ಆದ್ರೆ ಟ್ರಾನ್ಸ್‌ಫಾರ್ಮರ್ ಹತ್ರದ್ದು ಬೇಡ.