ಮ್ಯಾಕ್ರೋಫೇಜ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಮಾನ್ಯರೇ, ಗಾಯಗೊಂಡ ಸ್ನಾಯು ಮತ್ತೆ ಬೆಳೆಯುವ ಬಗೆಯನ್ನು ತಿಳಿಸುವ ಭಿತ್ತಿಚಿತ್ರವೊಂದರ ಅನುವಾದ ನಾಳೆ ಅಚ್ಚಿಗೆ ಹೋಗಬೇಕಾಗಿದೆ. ಮ್ಯಾಕ್ರೋಫೇಜ್ ಎಂಬುದಕ್ಕೆ ‘ಮಹಾಭಕ್ಷಕ ಕೋಶ’ ಎಂದು ಬರೆದಿದ್ದೇನೆ. ಆದರೆ ಈ ರೋಗನಿರೋಧಕ ಕೋಶಗಳು ಮೊದಲು ಸತ್ತ ನಾರಿನ ಚೂರುಗಳನ್ನು ನುಂಗಿ, ಕೆಲವು ದಿನಗಳಲ್ಲಿ ತಮ್ಮ ನಡವಳಿಕೆಯನ್ನೇ ಬದಲಿಸಿ, ಉರಿಯೂತವನ್ನು ತಗ್ಗಿಸಿ, ಹೊಸ ನಾರು ಕಟ್ಟುವ ಕೋಶಗಳಿಗೆ ಬೆಳವಣಿಗೆಯ ಸಂಕೇತಗಳನ್ನು ಕೊಡುತ್ತವೆ ಎಂದು ಮೂಲದಲ್ಲಿದೆ. ಕಟ್ಟುವ ಕೆಲಸಕ್ಕೆ ಒದಗುವುದನ್ನೂ ಭಕ್ಷಕವೆಂದೇ ಕರೆದರೆ ಓದುಗರು ಗೊಂದಲಗೊಳ್ಳುವುದಿಲ್ಲವೇ?

ಮೊದಲ ಉತ್ತರ:
ಗೊಂದಲವೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜೀವವಿಜ್ಞಾನಿ ಮೆಚ್ನಿಕಾಫ್ ಹೆಸರಿಟ್ಟದ್ದು ನುಂಗುವುದನ್ನು ಕಂಡು. ಕಟ್ಟುವುದರಲ್ಲಿ ಅವುಗಳ ಪಾಲು ತಿಳಿದದ್ದು ಬಹಳ ತಡವಾಗಿ, ಹಾಗೆಂದು ಹೆಸರೇನೂ ಬದಲಾಗಲಿಲ್ಲ. ನನ್ನ ತಕರಾರು ಈ ಸಂಸ್ಕೃತದ ಮೋಹದ ಬಗ್ಗೆ. ‘ನುಂಗುಕೋಶ’ ಎಂದರೆ ಸಾಕು.

ಎರಡನೆಯ ಉತ್ತರ:
ಸಾಲದು. ಗಾಯವಾದ ಕೆಲವೇ ಗಂಟೆಗಳಲ್ಲಿ ಎಲ್ಲರಿಗಿಂತ ಮುಂಚೆ ಬಂದು ಸೇರುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳೂ ನುಂಗುವಂಥವೇ. ಆ ಬಗೆಯವನ್ನು ಮೆಚ್ನಿಕಾಫ್ ಮೈಕ್ರೋಫೇಜ್, ಅಂದರೆ ಕಿರುಭಕ್ಷಕ, ಎಂದು ಬೇರ್ಪಡಿಸಿದ್ದರು. ಮ್ಯಾಕ್ರೋಫೇಜ್ ಹೆಸರಿನ ‘ಮ್ಯಾಕ್ರೋ’ ಆ ಜೋಡಿಯ ಇನ್ನೊಂದು ತುದಿ. ‘ಮಹಾ’ ಬಿಟ್ಟರೆ ಭಿತ್ತಿಚಿತ್ರದ ಮೊದಲೆರಡು ಹಂತಗಳು ಒಂದೇ ಆಗಿಬಿಡುತ್ತವೆ. ಅಲ್ಲದೆ ‘ನುಂಗುಕೋಶ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ.

ಮೊದಲ ಉತ್ತರದವರಿಂದ:
‘ನುಂಗುವ’ ಎಂಬಂಥ ವಿಶೇಷಣ ಮೊದಲಿಗೆ ಬರುವ ಗಮಕಸಮಾಸಕ್ಕೆ ಆ ದೋಷ ಅಂಟುವುದಿಲ್ಲವೆಂಬುದು ತಮಗೆ ತಿಳಿಯದ್ದೇನಲ್ಲ. ಗಾತ್ರ ಬೇಕೇ ಬೇಕೆಂದರೆ ‘ಹಿರಿನುಂಗುಕೋಶ’, ‘ಕಿರುನುಂಗುಕೋಶ’ ಎನ್ನಿ. ಸಂಸ್ಕೃತದಿಂದ ತಂದದ್ದಷ್ಟೇ ಶಾಸ್ತ್ರೀಯವೆಂಬ ನಂಬಿಕೆಯನ್ನು ಇನ್ನೆಷ್ಟು ಕಾಲ ಹೊರುವುದು?

ಇನ್ನೊಬ್ಬರಿಂದ:
‘ಹಿರಿನುಂಗುಕೋಶ’ವನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿದ್ದೀರಾ? ಸಂಸ್ಕೃತದಲ್ಲಿ ‘ಸ್ನಾಯು’ ಎಂದರೆ ಮೂಳೆಗಳನ್ನು ಬಿಗಿಯುವ ಕಟ್ಟು, ಮಾಂಸಖಂಡವಲ್ಲ. ಕನ್ನಡ ಅದನ್ನು ತನಗೆ ಬೇಕಾದ ಅರ್ಥಕ್ಕೆ ತಿರುಗಿಸಿ ದಕ್ಕಿಸಿಕೊಂಡಿದೆ. ಆ ಪದದ ಮೇಲೆ ಇಬ್ಬರಿಗೂ ತಕರಾರಿಲ್ಲದಿರುವಾಗ ಗ್ರೀಕಿನದೊಂದು ಪದ ಬಂದರೆ ಮೈಲಿಗೆ ಏಕೆ? ಪ್ರಶ್ನೆ ಕೇಳಿದವರು ಮೊದಲ ಸಲ ‘ಮ್ಯಾಕ್ರೋಫೇಜ್ ಎಂಬ ಮಹಾಭಕ್ಷಕ ಕೋಶ’ ಎಂದು ಬರೆದು, ಮುಂದೆ ಮ್ಯಾಕ್ರೋಫೇಜ್ ಎಂದಷ್ಟೇ ಉಳಿಸಿಕೊಳ್ಳಲಿ. ಅದಕ್ಕಿಂತ ತುರ್ತಾಗಿ ತಿದ್ದಬೇಕಾದದ್ದು ‘ರೋಗನಿರೋಧಕ ಕೋಶ’. ಪೆಟ್ಟು ಬಿದ್ದು ಹರಿದ ಸ್ನಾಯುವಿನಲ್ಲಿ ಸೋಂಕೇ ಇಲ್ಲದಿದ್ದರೂ ಈ ಕೋಶಗಳು ಬರುತ್ತವೆ. ರೋಗವೇ ಇಲ್ಲದ ಕಡೆ ನಿರೋಧಿಸುವುದು ಏನನ್ನು? ‘ರಕ್ಷಣಾಕೋಶ’ ಎಂದು ಬದಲಿಸಿ ಅಚ್ಚಿಗೆ ಕಳುಹಿಸಿ.