ಅಮೆರಿಕದಲ್ಲಿ ಅಪೀಲು ಕೋರ್ಟಿನ ಜಡ್ಜ್ ಆಗೋದು ಹೇಗೆ? ಪರೀಕ್ಷೆ ಇಲ್ವಾ?

ರೋಣದ ಹುಡುಗಿ:
ಹುಬ್ಬಳ್ಳಿ ನವನಗರದಲ್ಲಿ ಕಾನೂನು ಓದುತ್ತಿದ್ದೇನೆ, ನಾಲ್ಕನೇ ವರ್ಷ. ಮೊನ್ನೆ ಅಮೆರಿಕದ ಜಡ್ಜ್ ಶ್ರೀ ಶ್ರೀನಿವಾಸನ್ ("ಶ್ರೀ" ಅನ್ನೋದು ಅವರ ಹೆಸರೇ) ಬಗ್ಗೆ ಓದಿದೆ. ಚಂಡೀಗಢದಲ್ಲಿ ಹುಟ್ಟಿ ಕಾನ್ಸಾಸ್‌ನಲ್ಲಿ ಬೆಳೆದವರು, 2020ರಲ್ಲಿ ಡಿಸಿ ಸರ್ಕ್ಯೂಟ್ ಅನ್ನೋ ಫೆಡರಲ್ ಅಪೀಲು ಕೋರ್ಟಿನ ಮುಖ್ಯ ನ್ಯಾಯಾಧೀಶರಾದರು. ನನಗೆ ಅರ್ಥವಾಗದ್ದು ಒಂದೇ. ಆ ಕೋರ್ಟಿಗೆ ಹೋಗುವ ಮುಂಚೆ ಅವರು ಒಂದು ದಿನವೂ ಜಡ್ಜ್ ಆಗಿರಲಿಲ್ಲ! ಕೆಳಗಿನ ಕೋರ್ಟಿನಿಂದ ಮೆಟ್ಟಿಲು ಹತ್ತೋದೇ ಇಲ್ವಾ ಅಲ್ಲಿ? ಅಪ್ಪ ಬೇರೆ ಸಿವಿಲ್ ಜಡ್ಜ್ ಪರೀಕ್ಷೆ ಕಟ್ಟು ಅಂತ ಬೆನ್ನು ಬಿದ್ದಿದ್ದಾರೆ, ಅದಕ್ಕೇ ಕೇಳಿದೆ.

ಡಲ್ಲಾಸ್ ಧಾರವಾಡಿ:
ಪರೀಕ್ಷೆ ಇಲ್ಲ. ಅಧ್ಯಕ್ಷರು ಹೆಸರು ಕಳಿಸುತ್ತಾರೆ, ಸೆನೆಟ್ ವೋಟು ಹಾಕುತ್ತದೆ. ಆದರೆ ಆ ಹೆಸರು ಅಲ್ಲಿಯವರೆಗೆ ಹೋಗೋಕೆ ಎಷ್ಟು ವರ್ಷ ಹಿಡಿಯಿತು ನೋಡಿ. ಸ್ಟ್ಯಾನ್‌ಫರ್ಡ್‌ನಲ್ಲಿ 1995ಕ್ಕೆ ಕಾನೂನು, ಎಂಬಿಎ ಎರಡೂ ಮುಗಿಸಿದರು. ಮೊದಲು ಅಪೀಲು ಕೋರ್ಟಿನ ವಿಲ್ಕಿನ್ಸನ್ ಹತ್ತಿರ ಲಾ ಕ್ಲರ್ಕ್, ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ಸಾಂಡ್ರಾ ಡೇ ಒಕಾನರ್ ಹತ್ತಿರ. ಕ್ಲರ್ಕ್ ಅಂದ ಕೂಡಲೇ ನಮ್ಮ ಕಡೆ ಫೈಲಿಗೆ ದಾರ ಕಟ್ಟುವ ಗುಮಾಸ್ತ ನೆನಪಾಗ್ತಾನೆ. ಅಲ್ಲಿ ಹಾಗಲ್ಲ. ಕಡತ ಓದಿ, ಹಳೇ ತೀರ್ಪು ಹುಡುಕಿ, ಎಷ್ಟೋ ಸಲ ತೀರ್ಪಿನ ಕರಡೂ ಬರೆದುಕೊಡುವ ಕೆಲಸ. ಜಡ್ಜ್ ಹೇಗೆ ಯೋಚನೆ ಮಾಡ್ತಾರೆ ಅನ್ನೋದನ್ನ ಪಕ್ಕದಲ್ಲೇ ಕೂತು ಕಲಿಯೋದು. ಮುಂದೆ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸುವ ಸಾಲಿಸಿಟರ್ ಜನರಲ್ ಕಚೇರಿ, ನಡುವೆ ಒಂದು ದೊಡ್ಡ ಲಾ ಫರ್ಮ್, ಮತ್ತೆ ಅದೇ ಕಚೇರಿ. 2012ರಲ್ಲಿ ಒಬಾಮಾ ಹೆಸರು ಕಳಿಸಿದರೂ ಆ ವರ್ಷ ಆಗಲಿಲ್ಲ. ಮರುವರ್ಷ ಮತ್ತೆ ಕಳಿಸಿದರು. 2013ರ ಮೇ 23ಕ್ಕೆ ಸೆನೆಟ್ ವೋಟು 97–0. ಆಗ ವಯಸ್ಸು 46.

ಅಂದಹಾಗೆ ಮುಖ್ಯ ನ್ಯಾಯಾಧೀಶ ಅನ್ನೋದು ಅಲ್ಲಿ ಬಡ್ತಿ ಅಲ್ಲ. 65 ತುಂಬಿರದ ಜಡ್ಜ್‌ಗಳಲ್ಲಿ ಯಾರು ಸೀನಿಯರ್ರೋ ಅವರಿಗೆ ಬರುತ್ತೆ, ಹೆಚ್ಚೆಂದರೆ 7 ವರ್ಷ.

ಕರಿಕೋಟು:
ನೇರ ಬರೋದು ನಮ್ಮಲ್ಲೂ ಇದೆಯಲ್ರೀ. ಹೈಕೋರ್ಟಿನಲ್ಲಿ 10 ವರ್ಷ ವಕೀಲಿ ಮಾಡಿದ್ದರೆ ಅಲ್ಲೇ ಜಡ್ಜ್ ಆಗಲು ಅರ್ಹತೆ, ಹೆಸರು ಕಳಿಸೋದು ಕೊಲಿಜಿಯಂ, ಅಂದ್ರೆ ಹಿರಿಯ ಜಡ್ಜ್‌ಗಳ ಕೂಟ. ಮೋಹನ ಶಾಂತನಗೌಡರ ಅವರನ್ನೇ ನೋಡಿ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವರು. 1980ರಲ್ಲಿ ವಕೀಲಿ ಸನದು, 2003ರಲ್ಲಿ ಹೈಕೋರ್ಟ್ ಜಡ್ಜ್, ಕೇರಳದಲ್ಲಿ ಮುಖ್ಯ ನ್ಯಾಯಮೂರ್ತಿ, 2017ರಲ್ಲಿ ಸುಪ್ರೀಂ ಕೋರ್ಟ್. ವಕೀಲಿಯಿಂದಲೇ ಬಂದವರು.

ಇನ್ನು ಅಪೀಲು ಅಂದ್ರೆ ಏನು ಅನ್ನೋದು ಗೊತ್ತಾಗಬೇಕಂದ್ರೆ ಒಂದು ದಿನ ಧಾರವಾಡದ ಹತ್ತಿರದ ಬೇಲೂರಿನ ನಮ್ಮ ಹೈಕೋರ್ಟ್ ಪೀಠಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತ್ಕೊಳ್ಳಿ. ಸಾಕ್ಷಿ ಕಟಕಟೆ, ಪಾಟೀಸವಾಲಿನ ಗಲಾಟೆ ಇಲ್ಲ. ಎಲ್ಲ ಕೆಳಗಿನ ಕೋರ್ಟಿನಲ್ಲೇ ಮುಗಿದು ಕಾಗದವಾಗಿ ಬಂದಿರುತ್ತೆ. ನನ್ನ ಮೊದಲ ವರ್ಷ, ನವಲಗುಂದ ಕಡೆಯ ಒಂದು ವಾಟ್ನಿ ಕೇಸು, ಅಂದ್ರೆ ಆಸ್ತಿ ಪಾಲಿನ ಜಗಳ. ಅಜ್ಜಿ ಪಾಟೀಸವಾಲಿನಲ್ಲಿ ಬದುವಿನ ಬಗ್ಗೆ ಹೇಳಿದ ಒಂದೇ ಒಂದು ಸಾಲಿನ ಮೇಲೆ ಇಡೀ ಅಪೀಲು ನಿಂತಿತ್ತು. ಜಡ್ಜ್ ಕೇಳಿದರು, "ಯಾವ ಪುಟ?" ಸೀನಿಯರ್ ನನ್ನ ಕಡೆ ನೋಡಿದರು. ನಾನು ಪೇಪರ್ ಬುಕ್ (ಕೇಸಿನ ಕಾಗದಗಳ ಕಟ್ಟು) ತಿರುವುತ್ತಲೇ ಇದ್ದೆ, ಪುಟದ ಗುರುತಿಗೆ ಅಂಟಿಸಿದ್ದ ಚೀಟಿ ಉದುರಿ ಹೋಗಿತ್ತು. ಜಡ್ಜೇ ಹೇಳಿದರು, "84." ಅವರು ಓದಿಕೊಂಡು ಬಂದಿದ್ದರು, ನಾನು ಹೊತ್ತುಕೊಂಡು ಬಂದಿದ್ದೆ.

ಹಾವೇರಿ ಬ್ಯಾಡಗಿ:
ಅದೆಲ್ಲ ಸರಿ, ಆದರೆ ಅಲ್ಲಿ ಜೀವನಪೂರ್ತಿ ಕುರ್ಚಿ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಫೆಡರಲ್ ಸರ್ಕ್ಯೂಟ್‌ನ (ಅದೂ ಅಲ್ಲಿನ ಇನ್ನೊಂದು ಅಪೀಲು ಕೋರ್ಟು) ಪಾಲಿನ್ ನ್ಯೂಮನ್ 1927ರಲ್ಲಿ ಹುಟ್ಟಿದವರು, 1984ರಲ್ಲಿ ಜಡ್ಜ್ ಆದರು. ಆರೋಗ್ಯ ತಪಾಸಣೆಗೆ ಒಪ್ಪಲಿಲ್ಲ ಅಂತ 2023ರಲ್ಲಿ ಜೊತೆಯ ಜಡ್ಜ್‌ಗಳೇ ಹೊಸ ಕೇಸು ಕೊಡೋದು ನಿಲ್ಲಿಸಿದರು. ಅವರು ಅದರ ಮೇಲೂ ಕೇಸು ಹಾಕಿದರು! ನಮ್ಮಲ್ಲಿ ಹೈಕೋರ್ಟಿಗೆ 62, ಸುಪ್ರೀಂ ಕೋರ್ಟಿಗೆ 65. ಇದೇ ಚೆಂದ.

ಡಲ್ಲಾಸ್ ಧಾರವಾಡಿ:
ಸುಮ್ನೆ ಒಂದು ಉದಾಹರಣೆ ಹಿಡಿದು ಹೇಳಬೇಡಿ. 65 ವಯಸ್ಸು, 15 ವರ್ಷ ಸೇವೆ, ಕೂಡಿಸಿ 80 ಆದರೆ ಸೀನಿಯರ್ ಸ್ಟೇಟಸ್ ತಗೊಂಡು ಕಡಿಮೆ ಕೇಸು ನೋಡಬಹುದು, ಆ ಜಾಗಕ್ಕೆ ಹೊಸಬರು ಬರ್ತಾರೆ. ಸಂಬಳವೂ ನಿಲ್ಲೋದಿಲ್ಲ. ನಮ್ಮ ಕಡೆಯ ಹಾಗೆ ನಿವೃತ್ತಿಯಾದ ಮೇಲೆ ಯಾವ ಆಯೋಗದಲ್ಲಿ ಹುದ್ದೆ ಸಿಗುತ್ತೋ ಅನ್ನೋ ಚಿಂತೆ ಇಲ್ಲ ನೋಡಿ, ಅದು ನನಗೆ ದೊಡ್ಡ ವಿಷಯ.

ಕರಿಕೋಟು:
ಅದು ಮಾತ್ರ ಒಪ್ಪಿದೆ. ರೋಣದ ಹುಡುಗಿ, ನಿಮ್ಮೂರಿನ ಪಕ್ಕದ ಗಜೇಂದ್ರಗಡದ ಹೆಸರು ಹೊತ್ತವರು 1964ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ ಆಗಿದ್ದರು, ಗೊತ್ತಾ? ಪಿ.ಬಿ. ಗಜೇಂದ್ರಗಡಕರ್. ಮನೆತನ ಅಲ್ಲಿಂದ ಸಾತಾರಕ್ಕೆ ಹೋಗಿದ್ದು. ಅವರು 1918ರಿಂದ 2 ವರ್ಷ ಓದಿದ್ದು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ವಕೀಲಿ ಶುರು ಮಾಡಿದ್ದೂ ಬಾಂಬೆ ಹೈಕೋರ್ಟಿನ ಅಪೀಲು ಕಡೆಯಲ್ಲೇ.

ರೋಣದ ಹುಡುಗಿ:
ಗಜೇಂದ್ರಗಡ ನನ್ನ ಅಜ್ಜಿ ಊರು ಸರ್, ಯಾರೂ ಹೇಳಿರಲಿಲ್ಲ! ಅಪ್ಪನಿಗೆ ಓದಿ ಹೇಳಿದೆ, "ಇರಲಿ, ಪರೀಕ್ಷೆ ಯಾವಾಗ?" ಅಂದರು. ಸಿವಿಲ್ ಜಡ್ಜ್ ಪರೀಕ್ಷೆಗೆ 3 ವರ್ಷ ವಕೀಲಿ ಬೇಕು ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ, ಅದನ್ನ ಮುಂದಿಟ್ಟು ಸದ್ಯಕ್ಕೆ ತಪ್ಪಿಸಿಕೊಂಡಿದ್ದೇನೆ. ಕರಿಕೋಟು ಸರ್, ನಿಮ್ಮ ಆಫೀಸಿನಲ್ಲಿ ಜೂನಿಯರ್ ತಗೊಳ್ತೀರಾ?

ಕರಿಕೋಟು:
ಬನ್ನಿ. ಮೊದಲ ಆರು ತಿಂಗಳು ಪುಟಕ್ಕೆ ನಂಬರು ಹಾಕೋ ಕೆಲಸ. ಚೀಟಿ ಅಂಟಿಸೋಕೆ ಒಳ್ಳೇ ಗೋಂದು ನೀವೇ ತನ್ನಿ.